ಒಂದೇ ಕೈಗೆ ಏಳುವ ಟ್ರ್ಯಾಕ್ಟರು

ಚಳಿ ಕಾಲು ಕೀಳುತ್ತಿದ್ದ, ಬೇಸಿಗೆ ಇನ್ನೂ ಹೊಸಿಲು ದಾಟದ ದಿನಗಳು. ಬಿಸಿಲು ಹುಟ್ಟಿ ಸ್ವಲ್ಪ ಹೊತ್ತಾಗಿತ್ತು, ಅಂಗಳದ ಇಬ್ಬನಿ ಇನ್ನೂ ಆರಿರಲಿಲ್ಲ. ಆ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಸೆಲ್ಫ್ ಸತ್ತಿತು. ಸೆಲ್ಫ್ ಅಂದರೆ ಎಂಜಿನ್ನಿಗೆ ಮೊದಲ ಸುತ್ತು ಕೊಡುವ ಮೋಟರು, ಎಂಜಿನ್ನಿನ ಪಕ್ಕೆಗೆ ಕಚ್ಚಿಕೊಂಡು ಕೂತ ಕಬ್ಬಿಣದ ಡಬ್ಬಿ. ಅದರ ಬೆನ್ನ ಮೇಲಿನ ಎರಡು ತಾಮ್ರದ ಬೋಲ್ಟುಗಳಿಗೆ ಅವನು ಸ್ಕ್ರೂಡ್ರೈವರನ್ನು ಅಡ್ಡ ಒತ್ತಿದ, ದಿನವೂ ಒತ್ತುವ ಹಾಗೆಯೇ, ಹಿಂದಿನ ದೊಡ್ಡ ಚಕ್ರಕ್ಕೆ ಸೊಂಟ ಆನಿಸಿ, ಕಿಡಿ ಕಣ್ಣಿಗೆ ಹಾರದಂತೆ ಮುಖ ಆಚೆ ತಿರುಗಿಸಿ. ಬೇರೆ ದಿನ ಪಟಾರನೆ ನೀಲಿ ಕಿಡಿ ಎದ್ದು, ಸುಟ್ಟ ತಾಮ್ರದ ವಾಸನೆ ಮೂಗಿಗೆ ಬಡಿದು, ಎಂಜಿನ್ನು ಕೆಮ್ಮುತ್ತ ಏಳುತ್ತಿತ್ತು. ಇವತ್ತು ಒಳಗೆಲ್ಲೋ ಟಕ್ ಎಂದಿತು, ಅಷ್ಟೆ. ಇನ್ನೊಮ್ಮೆ ಒತ್ತಿದ. ಟಕ್. ಮುಂದೆ ಹೋಗಿ ಜಾಲರಿಯ ಸಂದಿಯಲ್ಲಿ ಕೈ ತೂರಿಸಿ ಬ್ಯಾಟರಿಯ ನಟ್ಟು ಮುಟ್ಟಿ ನೋಡಿದ. ಬಿಗಿಯಾಗಿಯೇ ಇತ್ತು, ಅವನೇ ಈಗಷ್ಟೇ ಬಿಗಿ ಮಾಡಿದ್ದು. ಆ ನಟ್ಟನ್ನು ಸಂಜೆ ಸಡಿಲ ಮಾಡುವವನೂ ಅವನೇ, ಬೆಳಿಗ್ಗೆ ಬಿಗಿ ಮಾಡುವವನೂ ಅವನೇ. ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಬೆರಳಿನಲ್ಲಿ ಅರ್ಧ ಸುತ್ತು ತಿರುಗಿಸಿದರೆ ಸಾಕು, ನೋಡುವವರಿಗೆ ಎಲ್ಲವೂ ಸರಿಯಾಗಿದ್ದ ಹಾಗೆ ಕಾಣುತ್ತದೆ, ಆದರೆ ಎಂಜಿನ್ನು ಮಿಸುಕುವುದಿಲ್ಲ. ಕಳವಿಗೆ ಅಂಜಿ ಮಾಡುತ್ತೇನೆ ಎಂದು ಅವನು ತನಗೆ ತಾನೇ ಹೇಳಿಕೊಂಡು ವರ್ಷಗಳಾಗಿದ್ದವು. ಈ ಮುದಿ ಗಾಡಿಯನ್ನು ಕದಿಯುವವನು ಯಾವ ಮೂರ್ಖ ಎಂದು ಮನಸ್ಸಿನೊಳಗೇ ಒಬ್ಬ ಕೇಳುತ್ತಿದ್ದ. ಅವನ ಬಾಯಿ ಮುಚ್ಚಿಸುವುದು ಅಭ್ಯಾಸವಾಗಿತ್ತು.

ಅಡುಗೆಮನೆಯ ಕಿಟಕಿ ಅಂಗಳಕ್ಕೇ ತೆರೆಯುತ್ತದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ತಮ್ಮನ ಹೆಂಡತಿ ನೋಡುತ್ತಿದ್ದಾಳೆ ಎಂದು ತಿರುಗದೆಯೇ ಅವನಿಗೆ ತಿಳಿಯಿತು, ಬೆನ್ನಿಗೂ ಒಂದು ಕಣ್ಣಿರುತ್ತದೆ, ಬೇಡದವರು ನೋಡಿದಾಗ ಅದು ತೆರೆಯುತ್ತದೆ. ಅವನು ಮದುವೆಯಾದವನಲ್ಲ. ಈ ಮನೆಯ ಅಂಗಳದಂಚಿನ ಕೋಣೆಯೊಂದು ಅವನದು, ಎರಡು ಹೊತ್ತಿನ ಊಟ ಅವಳ ಕೈಯದು. ಅವಳು ತಟ್ಟೆ ಇಡುವುದರಲ್ಲಿ ಒಂದು ಚೂರೂ ತಪ್ಪು ಹುಡುಕುವಂತಿರಲಿಲ್ಲ, ಬಿಸಿಯಾಗಿಯೇ ಇರುತ್ತಿತ್ತು, ಬೇಕಾದಷ್ಟು ಇರುತ್ತಿತ್ತು. ಆದರೆ ಇಟ್ಟ ಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಗಂಡನಿಗೆ ಇಟ್ಟಾಗ ಒರೆಸಿಕೊಳ್ಳುವುದನ್ನು ಅವನು ಕಂಡಿರಲಿಲ್ಲ. ಇದನ್ನೊಂದು ದೂರು ಎಂದು ಯಾರ ಮುಂದೆ ಹೇಳುವುದು? ಹೇಳಿದರೆ ನಕ್ಕಾರು. ಹೇಳಲಾಗದ್ದೇ ಒಳಗೆ ಕೊಳೆಯುತ್ತದೆ.

"ಏನಾಯ್ತು ಭಾವ?"

"ಏನಿಲ್ಲ."

"ಏಳ್ತಾ ಇಲ್ವಾ?"

"ಏಳುತ್ತೆ, ಚಳಿಗೆ ಹಿಡ್ಕೊಂಡಿದೆ. ನಿನ್ನ ಕೆಲಸ ನೋಡ್ಕೋ."

"ನನ್ನ ಕೆಲಸಾನೂ ಅದರಲ್ಲೇ ಇದೆಯಲ್ಲ ಭಾವ. ಹೊಲ ಹಾಗೇ ಬಿದ್ದಿದೆ." ಅವಳು ಕಿಟಕಿಯ ಸರಳು ಹಿಡಿದು ಮುಖ ಹತ್ತಿರ ತಂದಳು. "ಮೆಕ್ಯಾನಿಕ್ಕಿಗೆ ಫೋನ್ ಮಾಡ್ತೀನಿ. ಸಾಕು, ಎಷ್ಟು ದಿನ ಅಂತ ಈ ಕಿಡಿ ಆಟ. ಹೊಸ ಸೆಲ್ಫೇ ತಂದು ಹಾಕ್ಲಿ. ಕೀಲಿಕೈ ತಿರುಗಿಸಿದ್ರೆ ಏಳಬೇಕು, ಯಾರು ತಿರುಗಿಸಿದ್ರೂ."

ಯಾರು ತಿರುಗಿಸಿದ್ರೂ. ಆ ಮಾತನ್ನು ಅವಳು ಬೇಕೆಂದೇ ಕೊನೆಗಿಟ್ಟಳು ಅನ್ನಿಸಿತು ಅವನಿಗೆ. ಅವಳು ಟ್ರ್ಯಾಕ್ಟರ್ ಓಡಿಸಲು ಕಲಿತಿದ್ದಾಳೆ. ಹೋದ ವರ್ಷ ದೂರದ ಹೊಲದಲ್ಲಿ, ಅವನು ಹಲ್ಲು ನೋವೆಂದು ಪೇಟೆಗೆ ಹೋದ ದಿನ, ಬೆಳಿಗ್ಗೆ ಅವನೇ ಎಬ್ಬಿಸಿ ಕೊಟ್ಟು ಹೋದ ಗಾಡಿಯಲ್ಲಿ ತಮ್ಮ ಅವಳನ್ನು ಕೂರಿಸಿ ಕಲಿಸಿದ. ಮರಳಿ ಬಂದಾಗ ಹೊಲದಲ್ಲಿ ಗೆರೆಗಳು ಅವನ ಗೆರೆಗಳಿಗಿಂತ ನೆಟ್ಟಗಿದ್ದವು. ದವಡೆ ಊದಿಕೊಂಡು ಅವನಿಗೆ ಏನೂ ಹೇಳಲಾಗಲಿಲ್ಲ, ಹೇಳಬೇಕಾದ್ದು ಏನೂ ಇರಲಿಲ್ಲ ಎಂಬುದು ಬೇರೆ ಮಾತು. ತಮ್ಮನಿಗೆ ಬೆನ್ನು ನೋವು, ಗುಂಡಿ ಹಾದಿಯಲ್ಲಿ ಕೂತರೆ ಎರಡು ದಿನ ಏಳಲಾರ. ಹಾಗಾಗಿ ಇನ್ನು ಅವನದೆಂದು ಉಳಿದದ್ದು ಒಂದೇ, ಬೆಳಿಗ್ಗೆ ಅದನ್ನು ಎಬ್ಬಿಸುವುದು. ಅದು ಅವನೊಬ್ಬನ ಕೈಗೇ ಏಳುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಚಹಾದಂಗಡಿಯಲ್ಲಿ "ಬಂದ್ರಪ್ಪಾ ಮಂತ್ರವಾದಿಗಳು" ಎಂದು ಬೆಂಚಿನಲ್ಲಿ ಜಾಗ ಬಿಡುತ್ತಿದ್ದರು. ಅದರಲ್ಲಿ ಅರ್ಧ ಗೇಲಿ ಇತ್ತು. ಉಳಿದ ಅರ್ಧವನ್ನು ಅವನು ಮನೆಗೆ ತರುತ್ತಿದ್ದ.

ಒಮ್ಮೆ ಅವನಿಗೆ ಜೋರು ಜ್ವರ ಬಂದು ಮಲಗಿದ್ದ. ಆಗ ಬಿತ್ತನೆಯ ಸಮಯ, ಮೋಡ ತಲೆ ಮೇಲೆ ಬಂದು ನಿಂತಿತ್ತು, ಟ್ರ್ಯಾಕ್ಟರು ಅಂಗಳದಲ್ಲಿ ಕಲ್ಲಿನಂತೆ ಕೂತಿತ್ತು. ತಮ್ಮ ಬಾಗಿಲಿಗೆ ಬಂದ, ಹೋದ, ಮತ್ತೆ ಬಂದ. ಕೊನೆಗೆ ಮಂಚದ ಅಂಚಿಗೆ ಕೂತು, "ಅಣ್ಣ, ಎದ್ದು ಒಂದು ಸಲ ಕೈ ಇಟ್ಟು ಹೋಗ್ತೀಯಾ? ನಾನು ಎತ್ಕೊಂಡೇ ಹೋಗ್ತೀನಿ ಬೇಕಾದ್ರೆ" ಅಂದ. ಬಾಗಿಲ ಹಿಂದೆ ಅವಳ ಬಳೆಯ ಸದ್ದು ಇತ್ತು. ಕಂಬಳಿ ಹೊದ್ದುಕೊಂಡು, ತಮ್ಮನ ಹೆಗಲಿಗೆ ಜೋತುಬಿದ್ದು ಅಂಗಳಕ್ಕೆ ಬಂದು, ಯಾರಿಗೂ ಕಾಣದಂತೆ ನಟ್ಟು ಬಿಗಿ ಮಾಡಿ, ಕಿಡಿ ಹಾರಿಸಿ ಎಬ್ಬಿಸಿ, ಮತ್ತೆ ಹೋಗಿ ಮಲಗಿದ್ದ. ಮೈ ಸುಡುತ್ತಿತ್ತು, ಒಳಗೆ ತಂಪಾಗಿತ್ತು. ಬದುಕಿನಲ್ಲಿ ಸುಖಪಟ್ಟ ದಿನ ಯಾವುದು ಎಂದು ಯಾರಾದರೂ ಕೇಳಿದ್ದರೆ ಆ ಜ್ವರದ ದಿನವೇ ಅವನ ಬಾಯಿಗೆ ಬರುತ್ತಿತ್ತು. ಯಾರೂ ಕೇಳಲಿಲ್ಲ.

ಮೆಕ್ಯಾನಿಕ್ ಬಂದಾಗ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ದಪ್ಪ ಆಳು, ಬಾಯಿಗೆ ಬೀಗವಿಲ್ಲ, ಬೈಕಿನ ಹಿಂದೆ ಗೋಣಿಯಲ್ಲಿ ಹೊಸ ಸೆಲ್ಫನ್ನು ಕಟ್ಟಿಕೊಂಡು ಬಂದಿದ್ದ. ಇಳಿಯುತ್ತಲೇ ಶುರು ಮಾಡಿದ.

"ಏನ್ ಯಜಮಾನ್ರೇ, ನಿಮ್ಮ ಮಂತ್ರ ಇವತ್ತು ಕೈ ಕೊಡ್ತಂತೆ?"

"ಮಂತ್ರ ಅಲ್ಲ, ಮಣ್ಣು. ಒಳಗೆ ಕಾರ್ಬನ್ ಬ್ರಷ್ಷು ಸವೆದಿರಬೇಕು. ಬಿಚ್ಚಿ ಬೇರೆ ಕಾರ್ಬನ್ ಹಾಕು, ಹಳೇದೇ ಓಡುತ್ತೆ."

"ಓಡುತ್ತೆ, ಓಡುತ್ತೆ. ನಮ್ಮಜ್ಜನೂ ಓಡ್ತಿದ್ದ, ಈಗ ಗೋಡೆ ಮೇಲೆ ಫೋಟೋದಲ್ಲಿದ್ದಾನೆ." ತಮ್ಮ ನಕ್ಕ. ಕಿಟಕಿಯಲ್ಲೂ ಒಂದು ನಗು ಕೇಳಿಸಿತು.

ಹಿಂದಿನ ಚಕ್ರದ ಮುಂದೆ ದಿನವೂ ಒಂದು ಕಲ್ಲು ಇರುತ್ತಿತ್ತು. ಹ್ಯಾಂಡ್‌ಬ್ರೇಕು ಹಿಡಿಯುವುದು ಬಿಟ್ಟು ಎಷ್ಟೋ ಕಾಲವಾದ್ದರಿಂದ, ಅಂಗಳ ನೀರಿನ ತೊಟ್ಟಿಯ ಕಡೆಗೆ ಇಳಿಜಾರಾದ್ದರಿಂದ, ಅವನು ಗಾಡಿಯನ್ನು ಮೊದಲ ಗೇರಿನಲ್ಲಿ ಬಿಟ್ಟು ಕಲ್ಲು ಕೊಡುತ್ತಿದ್ದ. ಬೆಳಿಗ್ಗೆ ಸ್ಕ್ರೂಡ್ರೈವರ್ ಎತ್ತುವ ಮೊದಲು ಅವನ ಎಡಗೈ ತಾನಾಗಿಯೇ ಹೋಗಿ ಗೇರು ಬಿಡಿಸುತ್ತಿತ್ತು, ಕಿಡಿ ಹಾರಿಸದೆ ಬಿಟ್ಟರೆ ತಾನಾಗಿಯೇ ಮತ್ತೆ ಹಾಕುತ್ತಿತ್ತು. ಅದು ನೆನಪಿಡುವ ಕೆಲಸವಾಗಿರಲಿಲ್ಲ, ಉಗುಳು ನುಂಗಿದಷ್ಟೇ ಸಹಜವಾಗಿತ್ತು. ಇವತ್ತು ಬೆಳಿಗ್ಗೆ ಎರಡನೇ ಟಕ್ ಆದ ಮೇಲೆ ಕೈ ಗೇರನ್ನು ಮತ್ತೆ ಹಾಕಿತ್ತು. ಮೆಕ್ಯಾನಿಕ್ ಆ ಕಲ್ಲನ್ನು ಕಾಲಿನಲ್ಲಿ ಹೊರಳಿಸಿ ಈಚೆಗೆಳೆದುಕೊಂಡ. ಚಕ್ರ ಒಂದು ಬೆರಳಿನಷ್ಟು ಸರಿದು ಗೇರಿನ ಹಿಡಿತಕ್ಕೆ ಸಿಕ್ಕಿ ನಿಂತಿತು. ಅದನ್ನು ನೋಡಿದವನು ಅವನೊಬ್ಬನೇ. ಬಿಚ್ಚಿದ ಹಳೆಯ ಸೆಲ್ಫನ್ನು ಮೆಕ್ಯಾನಿಕ್ ಆ ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ನಾಲ್ಕು ತಟ್ಟಿ, ಮುಚ್ಚಳ ಎಬ್ಬಿಸಿ ಒಳಗಿನದನ್ನು ಎಲ್ಲರಿಗೂ ತೋರಿಸಿದ. ತಾಮ್ರದ ಸುರುಳಿ ಕಪ್ಪಾಗಿ ಇದ್ದಿಲಿನಂತೆ ಉದುರಿತು.

"ನೋಡಿ. ಇದಕ್ಕೆ ಕಾರ್ಬನ್ ಹಾಕೋದಂತೆ! ಹೆಣಕ್ಕೆ ಮಾತ್ರೆ ನುಂಗಿಸ್ದಂಗೆ."

ತಮ್ಮನ ಹೆಂಡತಿ ಅಂಗಳಕ್ಕೆ ಇಳಿದು ಬಂದಿದ್ದಳು. ಲೋಟಗಳಲ್ಲಿ ಚಹಾ ತಂದಿದ್ದಳು, ಮೊದಲ ಲೋಟ ಮೆಕ್ಯಾನಿಕ್ಕಿಗೆ ಕೊಟ್ಟಳು. ಕೊಡಬೇಕಾದ್ದೇ, ಕೆಲಸಕ್ಕೆ ಬಂದವನು. ಭಾವನ ಲೋಟವನ್ನು ಬಾನೆಟ್ಟಿನ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಅವನ ಕೈ ಗ್ರೀಸಾಗಿತ್ತು, ಅದಕ್ಕಿರಬಹುದು. ಮೆಕ್ಯಾನಿಕ್ಕಿನ ಕೈ ಇನ್ನೂ ಹೆಚ್ಚು ಗ್ರೀಸಾಗಿತ್ತು. ಹೀಗೆ ಲೆಕ್ಕ ಹಾಕುವವನು ಗಂಡಸೇ ಅಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ, ಬೈದುಕೊಳ್ಳುತ್ತಲೇ ಮತ್ತೆ ಹಾಕಿದ.

ಹೊಸ ಸೆಲ್ಫ್ ಕೂತಿತು. ಅದರ ಬಣ್ಣ ಅವನಿಗೆ ಹಿಡಿಸಲಿಲ್ಲ, ಮುದುಕನ ಬಾಯಲ್ಲಿ ಒಂದೇ ಹೊಸ ಹಲ್ಲಿನಂತೆ ಹೊಳೆಯುತ್ತಿತ್ತು. ಮೆಕ್ಯಾನಿಕ್ ಕೀಲಿಕೈಯ ಹೊಸ ಸ್ವಿಚ್ಚನ್ನೂ ಜೋಡಿಸಿ, ಜಾಲರಿ ಬಿಚ್ಚಿ ಬ್ಯಾಟರಿಯ ಕಡೆಗೆ ಬಂದ. ನಟ್ಟು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ಹಿಡಿದು ನೋಡಿದ.

"ಇದೇನಿದು? ಇದರ ಒಳಗಿನ ತಿರುಪು ಪೂರ್ತಿ ಸವೆದುಹೋಗಿದೆ. ಗಾಡಿಯಲ್ಲಿ ಬೇರೆಲ್ಲಾ ನಟ್ಟು ತುಕ್ಕು ಹಿಡಿದು ಕೂತಿವೆ, ಇದೊಂದು ಮಾತ್ರ ದಿನಾ ಬಿಚ್ಚಿ ಹಾಕ್ದಂಗೆ ಮಿರಮಿರ ಅಂತಿದೆ. ಯಾರ್ರೀ ಇದನ್ನ ದಿನಾ ತಿರುಗ್ಸೋರು?"

ಮೆಕ್ಯಾನಿಕ್ಕಿನ ಕಣ್ಣು ನಟ್ಟಿನಿಂದ ಅಣ್ಣನ ಬೆರಳಿಗೆ, ಬೆರಳಿನಿಂದ ಮುಖಕ್ಕೆ ಬಂತು. ಆಮೇಲೆ ಮೆಕ್ಯಾನಿಕ್ ನಿಧಾನವಾಗಿ, ಬಾಯಿ ಅಗಲಿಸಿ ನಕ್ಕ.

"ಓಹೋಹೋ. ಇದಾ ಮಂತ್ರ!"

ತಮ್ಮನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಅವನೂ ನಕ್ಕ, ಕೋಪವಿಲ್ಲದೆ, ಚಿಕ್ಕವನಿದ್ದಾಗ ಅಣ್ಣ ಮರದಿಂದ ಬಿದ್ದರೆ ನಗುತ್ತಿದ್ದನಲ್ಲ, ಹಾಗೆ. "ಅಯ್ಯೋ ಅಣ್ಣ, ಇಷ್ಟು ವರ್ಷ? ನಾನು ಪೆದ್ದನ ಹಾಗೆ ಬೋಲ್ಟು ಒರೆಸಿ ಒರೆಸಿ ಸಾಯ್ತಿದ್ನಲ್ಲೋ! ಜ್ವರದಲ್ಲೂ ನಿನ್ನ ಹೊತ್ಕೊಂಡು ಬಂದ್ನಲ್ಲೋ!" ಆ ನಗು ಸುಟ್ಟಿತು. ಬೈದಿದ್ದರೆ ಬೈಗುಳಕ್ಕೆ ಬೈಗುಳ ಇತ್ತು. ತಮ್ಮನ ಹೆಂಡತಿ ಮಾತ್ರ ನಗಲಿಲ್ಲ. ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತ, "ಬಿಡಿ, ಮನೆಯಲ್ಲಿ ಅವರಿಗೂ ಒಂದು ಕೆಲಸ ಬೇಕಲ್ಲ" ಅಂದಳು.

ಬಿಸಿಲು ಏಕಾಏಕಿ ಹೆಚ್ಚು ಬೆಳ್ಳಗಾಯಿತು. ತೊಟ್ಟಿಯ ಅಂಚು, ಹಗ್ಗದ ಮೇಲಿನ ಒದ್ದೆ ಬಟ್ಟೆ, ಗೋಡೆಗೆ ಒರಗಿಸಿದ ಸಲಿಕೆ, ಎಲ್ಲವೂ ಕತ್ತರಿಸಿ ಅಂಟಿಸಿದಂತೆ ಬೇರೆ ಬೇರೆಯಾಗಿ ಕಂಡವು. ಮನೆಯಲ್ಲಿ ಅವರಿಗೂ ಒಂದು ಕೆಲಸ ಬೇಕಲ್ಲ. ಅಂದರೆ ಅವಳಿಗೆ ಗೊತ್ತಿತ್ತೇ? ಎಷ್ಟು ದಿನದಿಂದ? ಸಂಜೆ ಆ ಕಿಟಕಿಯಲ್ಲಿ ನಿಂತು ಅವನ ಬೆರಳನ್ನು ನೋಡಿ, ಮಗುವಿನ ಆಟವನ್ನು ದೊಡ್ಡವರು ನೋಡಿ ಸುಮ್ಮನಿರುವಂತೆ, ಇಷ್ಟು ವರ್ಷ ಸುಮ್ಮನಿದ್ದಳೇ? ಹಾಗಾದರೆ ಆ ಜ್ವರದ ದಿನ ಬಾಗಿಲ ಹಿಂದಿನ ಬಳೆಯ ಸದ್ದು ಏನಾಗಿತ್ತು? ಆ ದಿನವೊಂದನ್ನಾದರೂ ಅವಳು ಅವನಿಗೆ ಬಿಡಬಹುದಿತ್ತು. ಅವನು ಚಹಾದ ಲೋಟವನ್ನು ಎತ್ತಿದ. ಆರಿ ಕೆನೆ ಕಟ್ಟಿತ್ತು. ಕೆಳಗಿಟ್ಟ.

ಮೆಕ್ಯಾನಿಕ್ ಬೇರೆ ನಟ್ಟು ಹಾಕಿ ಬಿಗಿ ಮಾಡಿದ. ತಮ್ಮ ಟ್ರ್ಯಾಕ್ಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಜಾಲರಿಯನ್ನು ಮತ್ತೆ ಕೂರಿಸಿ ಬೋಲ್ಟು ತಿರುಗಿಸತೊಡಗಿದ. ಬೆನ್ನು ನೋವಿನವನಿಗೆ ಹಾಗೆ ಕೂತರೇ ಹಿತ.

"ಅಕ್ಕಾ, ಬನ್ನಿ" ಎಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ. "ಮೊದಲ ಸಲ ನೀವೇ ತಿರುಗ್ಸಿ. ನಿಮ್ಮ ಕೈಗುಣ ನೋಡೋಣ."

"ಮೇಲೆ ಕೂರಬೇಕಾ?"

"ಏನೂ ಬೇಡ, ಮೆಟ್ಟಿಲ ಮೇಲೆ ನಿಂತ್ಕೊಂಡೇ ತಿರುಗ್ಸಿ."

"ಗೇರು ಗೀರು ನೋಡ್ಬೇಕಲ್ವಾ?"

"ಅಯ್ಯೋ, ಗೇರಲ್ಲಿದ್ರೆ ಇದು ಏಳೋದೇ ಇಲ್ಲಕ್ಕ. ಅದಕ್ಕೇ ಅಂತ ಕಂಪನಿಯೋರು ಒಂದು ಸ್ವಿಚ್ ಇಟ್ಟಿರ್ತಾರೆ. ನೀವು ಆರಾಮಾಗಿ ತಿರುಗ್ಸಿ."

ಆ ಸ್ವಿಚ್ಚು ಕೆಟ್ಟದ್ದು ಎಂದೋ. ಅದರ ಎರಡೂ ವೈರನ್ನು ಕಿತ್ತು, ಒಂದಕ್ಕೊಂದು ಹೊಸೆದು, ಮೇಲೆ ಟೇಪು ಸುತ್ತಿ ಗೇರುಪೆಟ್ಟಿಗೆಯ ಕೆಳಗೆ ಸಿಕ್ಕಿಸಿದವನು ಅವನೇ. ಮೆಕ್ಯಾನಿಕ್ಕಿಗೆ ಅದು ಗೊತ್ತಿಲ್ಲ. ತಮ್ಮನಿಗೆ ಗೊತ್ತಿಲ್ಲ. ಗಾಡಿ ಗೇರಿನಲ್ಲಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಚಕ್ರದ ಮುಂದೆ ಕಲ್ಲಿಲ್ಲ ಎಂಬುದನ್ನು ಯಾರೂ ಗಮನಿಸಿಲ್ಲ, ಕಲ್ಲು ಅಗೋ ಅಲ್ಲಿ, ಹಳೆಯ ಸೆಲ್ಫಿನ ಕಪ್ಪು ಪುಡಿ ಹೊತ್ತುಕೊಂಡು ಬಿಸಿಲಿನಲ್ಲಿ ಬಿದ್ದಿದೆ. ಇಡೀ ಅಂಗಳದಲ್ಲಿ ಇದೆಲ್ಲವೂ ಒಟ್ಟಾಗಿ ಇರುವ ಜಾಗ ಒಂದೇ, ಅವನ ತಲೆ. ಅವಳು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಅವನು ಅವಳ ಕೈ ನೋಡಿದ. ಕೀಲಿಕೈ ಹೊಸದು, ಅದಕ್ಕೊಂದು ಕೆಂಪು ದಾರ. ಅವನು ಹೇಳುವವನಿದ್ದ. ಮಾತು ಬಾಯಿಯವರೆಗೆ ಬಂದೂ ಇತ್ತು, ನಾಲಿಗೆಯ ಹಿಂದೆ ಗುಂಡಗೆ ಕೂತಿತ್ತು. ಆದರೆ ಅದರ ಮುಂದೆ ಇನ್ನೊಂದು ಮಾತು ಅಡ್ಡ ನಿಂತಿತ್ತು. ಹೇಳಿದರೆ ಮೆಕ್ಯಾನಿಕ್ ಮತ್ತೆ ನಗುತ್ತಾನೆ, ಓಹೋ ಇದನ್ನೂ ನೀವೇ ಕಿತ್ತದ್ದಾ ಯಜಮಾನ್ರೇ ಎನ್ನುತ್ತಾನೆ. ಅವಳು ಇಳಿದು ನಿಂತು ಇನ್ನೊಮ್ಮೆ ಬಿಡಿ ಎನ್ನುತ್ತಾಳೆ. ಆ ಬಿಡಿ ಎನ್ನುವುದನ್ನು ಇನ್ನೊಮ್ಮೆ ಕೇಳಲು ಆಗುವುದಿಲ್ಲ. ತಿರುಗಿಸಲಿ. ಅವಳ ಕೈಗುಣ ಎಂಥದೋ ಎಲ್ಲರೂ ನೋಡಲಿ. ಹೀಗೆಂದು ಮಾತಿನಲ್ಲಿ ಅವನು ಯೋಚಿಸಿದನೋ ಇಲ್ಲವೋ, ಆಮೇಲೆ ಎಷ್ಟು ಕೆದಕಿದರೂ ಅವನಿಗೆ ಸಿಗಲಿಲ್ಲ. ಟ್ರ್ಯಾಕ್ಟರಿನ ಮುಂದೆ ತಮ್ಮ ಕೂತಿದ್ದ. ಅದನ್ನು ಅವನು ಮರೆತಿರಲಿಲ್ಲ. ಅದೂ ಅವನಿಗೆ ಗೊತ್ತಿತ್ತು.

ಕೀಲಿಕೈ ತಿರುಗಿತು.

ಟ್ರ್ಯಾಕ್ಟರು ಕೂಗಲಿಲ್ಲ, ಕೆಮ್ಮಲಿಲ್ಲ, ಒಮ್ಮೆಲೇ ಜಿಗಿಯಿತು. "ಗೇರು! ಗೇರು!" ಎಂದು ಕಿರುಚಿದವನು ಮೆಕ್ಯಾನಿಕ್. ತಮ್ಮನ ಕೈಯಿಂದ ಅದೇ ಗಳಿಗೆಯಲ್ಲಿ ಒಂದು ಬೋಲ್ಟು ಜಾರಿ ಎಡಕ್ಕೆ ಉರುಳಿತ್ತು, ಅದನ್ನು ಹಿಡಿಯಲು ಎಡಕ್ಕೆ ಬಾಗಿದ್ದ, ಬಾಗಿದ್ದವನು ಹಾಗೇ ಹೊರಳಿದ. ಮುಂದಿನ ಚಕ್ರ ಅವನ ಕಾಲಿನಿಂದ ಕಳಚಿದ ಚಪ್ಪಲಿಯ ಮೇಲೆ ಹತ್ತಿ ಹೋಯಿತು. ಎಂಜಿನ್ನು ಹೊತ್ತಿಕೊಂಡು ಗುಡುಗಿತು. ಮೆಟ್ಟಿಲಿನ ಮೇಲೆ ತಮ್ಮನ ಹೆಂಡತಿ ಸ್ಟೀರಿಂಗಿಗೆ ನೇತುಬಿದ್ದು ಬಾಯಿ ತೆರೆದಿದ್ದಳು, ದನಿ ಬರುತ್ತಿರಲಿಲ್ಲ. ಗಾಡಿ ಇಳಿಜಾರಿನಲ್ಲಿ ನಡೆದು ತೊಟ್ಟಿಗೆ ಮೂತಿ ಹಚ್ಚಿ ನಿಂತು ತಳ್ಳಿತು, ಹಿಂದಿನ ಚಕ್ರಗಳು ನೆಲ ಅಗೆದವು, ತೊಟ್ಟಿ ಬಿರುಕು ಬಿಟ್ಟಿತು. ಮೆಕ್ಯಾನಿಕ್ ಆ ದಪ್ಪ ಮೈ ಹೊತ್ತು ಹೇಗೆ ಹಾರಿದನೋ, ಎಂಜಿನ್ನು ನಿಲ್ಲಿಸುವ ಸರಳನ್ನು ಎಳೆದ. ಸದ್ದು ಸತ್ತಿತು. ನೀರು ಅಂಗಳದ ತುಂಬ ಹರಿದು, ಅಣ್ಣನ ಕಾಲಿನವರೆಗೆ ಬಂದು, ಕಾಲನ್ನು ಸುತ್ತುಹಾಕಿಕೊಂಡು ಮುಂದೆ ಹೋಯಿತು. ಅವನು ನಿಂತ ಜಾಗದಿಂದ ಅಲ್ಲಾಡಿರಲಿಲ್ಲ.

"ಸ್ವಿಚ್ ಇರಬೇಕಿತ್ತು... ಸ್ವಿಚ್ ಇರಬೇಕಿತ್ತು ಕಣ್ರೀ..." ಎಂದು ಮೆಕ್ಯಾನಿಕ್ ನೆಲದಲ್ಲಿ ಕೂತು ಹೇಳುತ್ತಲೇ ಇದ್ದ. ತಮ್ಮನ ಹೆಂಡತಿ ಓಡಿ ಗಂಡನ ಕಾಲು, ಮೊಣಕಾಲು, ಸೊಂಟ ಮುಟ್ಟಿ ಮುಟ್ಟಿ ನೋಡಿದಳು. ಅಂಗೈ ತರಚಿತ್ತು, ಅಷ್ಟೆ. ತಮ್ಮ ಅವಳ ಕಡೆ ನೋಡಲಿಲ್ಲ, ಟ್ರ್ಯಾಕ್ಟರಿನ ಕಡೆಯೂ ನೋಡಲಿಲ್ಲ. ಕೆಸರಿನಲ್ಲಿ ಕೂತಲ್ಲಿಂದಲೇ ಅಣ್ಣನನ್ನು ನೋಡಿದ.

"ಗೇರಲ್ಲಿತ್ತು."

"ಹೂಂ."

"ಸಂಜೆ ನಿಲ್ಸೋನು ನೀನೇ ಅಲ್ವಾ."

"ಹೂಂ."

"ಆ ಸ್ವಿಚ್ಚು?"

ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ತಮ್ಮ ನೆಲದಿಂದ ಚಪ್ಪಲಿ ಕಿತ್ತುಕೊಂಡ. ಅದು ಚಪ್ಪಟೆಯಾಗಿ ಹೋಗಿತ್ತು. "ಇಲ್ಲೇ ನಿಂತಿದ್ದೆಯಲ್ಲೋ ಅಣ್ಣ" ಅಂದ. "ಬಾಯಿ ಇತ್ತಲ್ಲೋ ನಿನಗೆ." ಅಷ್ಟೇ ಹೇಳಿದ್ದು. ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಒಳಗೆ ಹೋದ.

ಅದರ ಮೇಲೆ ಯಾರೂ ಮಾತು ತೆಗೆಯಲಿಲ್ಲ. ಮೆಕ್ಯಾನಿಕ್ ಮರುದಿನ ಬಂದು ಹೊಸ ಸ್ವಿಚ್ಚು ಹಾಕಿ, ಬಾಯಿ ತೆರೆಯದೆ ಕೆಲಸ ಮಾಡಿ, ಅವನಿಗೆ ಬೆನ್ನು ತಿರುಗಿಸಿಯೇ ಹೋದ. ತೊಟ್ಟಿಯ ಬಿರುಕಿಗೆ ಸಿಮೆಂಟು ಹಾಕಿದರು. ತಟ್ಟೆ ಮೊದಲಿನ ಹಾಗೆಯೇ ಬಂತು, ಬಿಸಿಯಾಗಿ, ಬೇಕಾದಷ್ಟು. ಆದರೆ ಈಗ ಅವಳು ಕೈ ಒರೆಸಿಕೊಳ್ಳುತ್ತಿರಲಿಲ್ಲ. ಅವನು ಗಮನಿಸಿದ. ಸೆರಗಿನ ಕಡೆ ಹೋಗದೆ ಕೈ ಸುಮ್ಮನೆ ಇಳಿಬಿದ್ದಿರುತ್ತಿತ್ತು, ಅವಳದೇ ಅಲ್ಲದಂತೆ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವನು "ಗೇರು" ಎಂದು ಹೇಳಿ ನೋಡಿದ. ಎಷ್ಟು ಸಣ್ಣ ಮಾತು. ತುಟಿ ಕೂಡಿಸಬೇಕಾದ್ದೂ ಇಲ್ಲ. ಮೆಲ್ಲಗೆ ಹೇಳಿದ, ಜೋರಾಗಿ ಹೇಳಿದ, ಅವಳು ಮೆಟ್ಟಿಲು ಹತ್ತಿದಾಗಿನಿಂದ ಕೀಲಿಕೈಗೆ ಕೈ ಹಾಕುವವರೆಗಿನ ಹೊತ್ತನ್ನು ಮನಸ್ಸಿನಲ್ಲಿ ಬಿಡಿಸಿ ಹಾಸಿಕೊಂಡು ಅದರೊಳಗೆ ಹೇಳಿ ನೋಡಿದ. ಅದರಲ್ಲಿ ಬೇಕಾದಷ್ಟು ಜಾಗವಿತ್ತು. ಹತ್ತು ಜನ ನಿಂತು ಹೇಳುವಷ್ಟು. ಗಂಟಲು ಒಣಗಿತ್ತು ಎಂದುಕೊಂಡ. ಮೆಕ್ಯಾನಿಕ್ ನೋಡಬೇಕಿತ್ತು, ಅವನ ಕೆಲಸ ಅದು ಎಂದುಕೊಂಡ. ತಮ್ಮನಿಗೆ ಏನೂ ಆಗಲಿಲ್ಲವಲ್ಲ ಎಂದುಕೊಂಡ. ಪ್ರತಿಯೊಂದೂ ನಿಜವೇ ಆಗಿತ್ತು. ಯಾವುದೂ ನಿಲ್ಲುತ್ತಿರಲಿಲ್ಲ, ಒದ್ದೆ ಗೋಡೆಗೆ ಹಚ್ಚಿದ ಕಾಗದದಂತೆ ಒಂದೊಂದಾಗಿ ಜಾರಿ ಕೆಳಗೆ ಬೀಳುತ್ತಿತ್ತು.

ಬೆಳಗಿನ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಎಚ್ಚರವಾದೊಡನೆ ಅವನ ಎಡಗೈ ಹಾಸಿಗೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ಯಾರೂ ಕರೆಯುವುದಿಲ್ಲ ಎಂದು ಗೊತ್ತಿದ್ದೂ ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂರುತ್ತಿದ್ದ. ಕಿಟಕಿಯ ಸಂದಿಯಿಂದ ಅಂಗಳ ಕಾಣುತ್ತಿತ್ತು. ಮೊದಲು ತಮ್ಮ ಬರುತ್ತಿದ್ದ. ಬಗ್ಗಿ ನಾಲ್ಕು ಚಕ್ರವನ್ನೂ ನೋಡುತ್ತಿದ್ದ, ನಿಧಾನವಾಗಿ, ಸೊಂಟ ಹಿಡಿದುಕೊಂಡು. ಮೇಲೆ ಕೈ ಚಾಚಿ ಗೇರಿನ ಹಿಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಿದ್ದ. ಆಮೇಲೆ ತಲೆಯೆತ್ತಿ ಅಣ್ಣನ ಬಾಗಿಲನ್ನು ಒಮ್ಮೆ ನೋಡುತ್ತಿದ್ದ, ಅದೂ ಗಾಡಿಯ ಒಂದು ಭಾಗ, ಅದನ್ನೂ ನೋಡಿಯೇ ಮುಂದುವರಿಯಬೇಕು ಎಂಬಂತೆ. ಆಮೇಲಷ್ಟೇ ಹೆಂಡತಿಗೆ "ಹೂಂ, ಹತ್ತು" ಎನ್ನುತ್ತಿದ್ದ. ಒಂದೇ ಸುತ್ತಿಗೆ ಎಂಜಿನ್ನು ಏಳುತ್ತಿತ್ತು. ಬೈದಿದ್ದರೆ, ಹೊಡೆದಿದ್ದರೆ, ಮನೆ ಬಿಟ್ಟು ತೊಲಗು ಎಂದಿದ್ದರೆ ಅವನು ಇದ್ದುಬಿಡುತ್ತಿದ್ದ, ಹಟಕ್ಕಾದರೂ. ಈ ನೋಡುವುದನ್ನು ಎದುರಿಸಿ ಕೂರುವುದು ಅವನಿಂದಾಗಲಿಲ್ಲ.

ಹೋಗುತ್ತೇನೆ ಎಂದು ಊಟದ ಹೊತ್ತಿನಲ್ಲಿ ಹೇಳಿದ. ಅಕ್ಕನ ಊರಿಗೆ, ಅವಳೂ ಒಬ್ಬಳೇ ಇದ್ದಾಳೆ, ಬಾ ಬಾ ಎನ್ನುತ್ತಿದ್ದಳು. ಅಕ್ಕ ಹಾಗೆಂದು ಎಷ್ಟೋ ವರ್ಷವಾಗಿತ್ತು. ಬೇಡ ಎಂಬ ಒಂದು ಮಾತಿಗಾಗಿ ಕಾದ. ತಮ್ಮ ತಟ್ಟೆಯನ್ನೇ ನೋಡುತ್ತ, "ನಿನ್ನಿಷ್ಟ" ಅಂದ. ಅವಳು, "ಯಾವ ಬಸ್ಸಿಗೆ?" ಎಂದು ಕೇಳಿದಳು.

ಹೊರಡುವ ಬೆಳಿಗ್ಗೆ ಟ್ರಂಕು ಹೊತ್ತು ಹೊರಬಂದರೆ ಟ್ರ್ಯಾಕ್ಟರು ಅಂಗಳದಲ್ಲಿ ಎದ್ದು ನಿಂತು ನಡುಗುತ್ತಿತ್ತು, ಮೇಲೆ ತಮ್ಮನ ಹೆಂಡತಿ. "ಬನ್ನಿ ಭಾವ, ಅಷ್ಟು ಭಾರ ಹೊತ್ಕೊಂಡು ಎಲ್ಲಿ ನಡೀತೀರಿ. ಬಸ್ಸಿನ ಹತ್ರ ಬಿಡ್ತೀನಿ." ತಮ್ಮ ಎಲ್ಲಿಯೂ ಕಾಣಲಿಲ್ಲ, ಒಳಗೆ ಎಲ್ಲೋ ಕೆಮ್ಮಿದ ಸದ್ದು ಕೇಳಿಸಿತು. ಅವನು ಟ್ರಂಕನ್ನು ಮೇಲಿಟ್ಟು ಚಕ್ರದ ಮೇಲಿನ ತಗಡಿನ ಮಡ್‌ಗಾರ್ಡಿನಲ್ಲಿ ಕೂತ. ಬದುಕಿನಲ್ಲಿ ಅವನು ಅಲ್ಲಿ ಕೂತವನಲ್ಲ. ಹಿಡಿದುಕೊಳ್ಳಲು ಎಲ್ಲಿ ಕೈ ಇಡಬೇಕೋ ತಿಳಿಯಲಿಲ್ಲ. ಅವಳು ಗುಂಡಿಗಳನ್ನು ತಪ್ಪಿಸಿ, ಎಲ್ಲಿ ಇಳಿಸಬೇಕೋ ಅಲ್ಲಿ ಗೇರು ಇಳಿಸಿ ಓಡಿಸಿದಳು. ಚಹಾದಂಗಡಿಯ ಬೆಂಚಿನಲ್ಲಿದ್ದವರು ತಲೆಯೆತ್ತಿ ನೋಡಿದರು, ಯಾರೂ ಏನೂ ಅನ್ನಲಿಲ್ಲ.

ಬಸ್ಸು ಬಂದಿರಲಿಲ್ಲ. ಅವಳು ರಸ್ತೆಯ ಅಂಚಿಗೆ ನಿಲ್ಲಿಸಿ, ಸರಳು ಎಳೆದು ಎಂಜಿನ್ನು ಬಂದ್ ಮಾಡಿದಳು. ಅವನು ಬೆಚ್ಚಿದ. ಅವನ ಕಾಲದಲ್ಲಿ ನಡುದಾರಿಯಲ್ಲಿ ಎಂಜಿನ್ನು ನಿಲ್ಲಿಸಿದ್ದೇ ಇಲ್ಲ, ನಿಂತರೆ ಏಳುವುದೆಂಬ ನಂಬಿಕೆಯಿರಲಿಲ್ಲ.

"ನೀನು ಹೋಗಮ್ಮ. ಬಸ್ಸು ಬಂದಾಗ ಬರುತ್ತೆ."

"ಇರ್ಲಿ." ಅವಳು ರಸ್ತೆಯ ಕಡೆಯೇ ನೋಡುತ್ತಿದ್ದಳು. ಹಾಗೇ ನೋಡುತ್ತ ಅಂದಳು: "ಆವತ್ತು ನಾನು ತಿರುಗಿಸುವಾಗ ನೀವು ನನ್ನ ಕೈನೇ ನೋಡ್ತಿದ್ರಿ."

ಅವನು ಟ್ರಂಕನ್ನು ಹತ್ತಿರ ಎಳೆದುಕೊಂಡ.

"ಅವರಿಗೆ ಅದು ಗೊತ್ತಿಲ್ಲ. ನಾನು ಹೇಳಿಲ್ಲ. ಹೇಳೋದೂ ಇಲ್ಲ." ಅವಳು ಎರಡೂ ಅಂಗೈಯನ್ನು ಸ್ಟೀರಿಂಗಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. "ನನ್ನ ಮೇಲೆ ನಿಮಗೆ ಏನಾದ್ರೂ ಇರ್ಲಿ ಭಾವ. ಆದ್ರೆ ಅದನ್ನ ನನ್ನ ಕೈಯಲ್ಲಿ ಮಾಡಿಸ್ತಿದ್ರಲ್ಲ."

ಬಸ್ಸು ತಿರುವಿನಲ್ಲಿ ಕಂಡಿತು. ಅವನು ಇಳಿದ. ಟ್ರಂಕಿನ ಒಂದು ಕಡೆ ಅವಳೇ ಹಿಡಿದು ಕೆಳಗಿಳಿಸಿದಳು, ಬಸ್ಸಿನ ಮೆಟ್ಟಿಲಿನವರೆಗೂ ತಂದು ಕೊಟ್ಟಳು. ಹೋಗಿಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವನು ಕಿಟಕಿಯ ಪಕ್ಕ ಕೂತು, ನೋಡಬಾರದೆಂದುಕೊಂಡೇ ನೋಡಿದ. ಅವಳು ಮೇಲೆ ಹತ್ತಿ, ಗೇರಿನ ಹಿಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಮುಂದೆ ಯಾರೂ ಇಲ್ಲವೆಂದು ಬಗ್ಗಿ ನೋಡಿ, ಕೀಲಿಕೈ ತಿರುಗಿಸಿದಳು. ಒಂದೇ ಸುತ್ತಿಗೆ ಎದ್ದಿತು. ಬಸ್ಸಿನಲ್ಲಿ ಪಕ್ಕದವನು, "ಹಳೇ ಗಾಡಿ ಆದ್ರೂ ಎಂಜಿನ್ ಚೆನ್ನಾಗಿಟ್ಟಿದ್ದಾರೆ ಅಲ್ವಾ" ಅಂದ. ಅವನು ಹೂಂ ಅಂದ.